ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

12345654321. ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸುರಪುರದ ಕಡೆಯವರಿಗೆ ಇದು ಕೃಷ್ಣಾ ಕಾಲುವೆ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಕಾಣುವಂಥ ಮೊತ್ತ. ಹಗಲು ರಾತ್ರಿ ಬಿಡದೆ ಸೆಕೆಂಡಿಗೊಂದರಂತೆ ಎಣಿಸುತ್ತ ಕೂತರೆ ಮುಗಿಯಲು 391 ವರ್ಷ ಬೇಕು. ಇಷ್ಟು ದೊಡ್ಡ ಸಂಖ್ಯೆಯನ್ನು ಎಣಿಸಿ ಕಂಡವರಿಲ್ಲ. ಆದರೂ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಈ ನೆಲವನ್ನು ಆಳುತ್ತಿದ್ದ ರಾಷ್ಟ್ರಕೂಟರ ಕಾಲದಲ್ಲಿ, ಒಬ್ಬ ಜೈನ ಪಂಡಿತರು ಇದನ್ನು ಪದ್ಯದೊಳಗೆ ಕೂರಿಸಿದರು. ಅವರು ಮಹಾವೀರಾಚಾರ್ಯರು. ಗ್ರಂಥ ‘ಗಣಿತಸಾರಸಂಗ್ರಹ’, ಕಾಲ ಸುಮಾರು ಕ್ರಿ.ಶ. 850.

ಸುರಪುರದಿಂದ ಶಹಾಪುರ, ಭೀಮಾ ಸೇತುವೆ ದಾಟಿ ಯಾದಗಿರಿ, ಅಲ್ಲಿಂದ ಸೇಡಂ ದಿಕ್ಕು ಹಿಡಿದರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕೋಟೆಯ ಗೋಡೆಗಳು, ನೇಮಿನಾಥ ಬಸದಿ ಈಗಲೂ ಇವೆ. ಮಹಾವೀರಾಚಾರ್ಯರು ಗ್ರಂಥದ ಆರಂಭದಲ್ಲೇ ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾರೆ. ‘ಕವಿರಾಜಮಾರ್ಗ’ದ ಜೊತೆ ನೃಪತುಂಗನ ಹೆಸರು ಸೇರಿಕೊಂಡಿರುವುದು ನಮ್ಮ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಅರಸನ ಆಳ್ವಿಕೆಯಲ್ಲಿ ಅಷ್ಟೇ ತೂಕದ ಗಣಿತ ಗ್ರಂಥವೊಂದು ಹುಟ್ಟಿತೆಂಬುದು ಕಲ್ಯಾಣ ಕರ್ನಾಟಕದ ಎಷ್ಟು ಮಕ್ಕಳ ಕಿವಿಗೆ ಬಿದ್ದಿದೆ? ಈ ಕೊರತೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಹಾಗಾಗಿ ಇಲ್ಲಿ ಆ ಗ್ರಂಥದ ಒಂದೇ ಒಂದು ಸಂಖ್ಯೆಯನ್ನು ಹಿಡಿದು, ಅದರ ಒಳಹೊರಗನ್ನೆಲ್ಲ ನೋಡುವ ಆಸೆ.

ಸಂಸ್ಕೃತ ಗಣಿತ ಗ್ರಂಥಗಳು ಹೆಚ್ಚಾಗಿ ಪದ್ಯದಲ್ಲೇ ಇವೆ. ಅಂಕಿಗಳನ್ನು ಛಂದಸ್ಸಿಗೆ ಒಗ್ಗಿಸಲು ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು, ಋತು ಎಂದರೆ ಆರು ಎಂಬಂಥ ಒಪ್ಪಂದ ಇತ್ತು. ಜೈನರಾದ ಮಹಾವೀರಾಚಾರ್ಯರು ‘ರತ್ನ’ವನ್ನು ಮೂರಕ್ಕೆ ಬಳಸುತ್ತಾರೆ, ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ್ಯಗಳೆಂಬ ರತ್ನತ್ರಯದ ಲೆಕ್ಕ ಅದು. ಸ್ಥಾನಗಳ ಹೆಸರನ್ನೂ ಅವರು ಉದ್ದಕ್ಕೆ ಕೊಂಡೊಯ್ದಿದ್ದಾರೆ. ಏಕ, ದಶ, ಶತದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ ಒಟ್ಟು 24 ಸ್ಥಾನ. ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿ, ಆದ್ದರಿಂದ ಅವರ ಪಟ್ಟಿಯಲ್ಲಿ ಅದು ಅರ್ಬುದದ ಮನೆಗೆ ಹೋಗಿ ನಿಲ್ಲುತ್ತದೆ. ಆದರೆ ಈ ಸಂಖ್ಯೆಯನ್ನು ಹೇಳಲು ಅವರಿಗೆ ಚಂದ್ರ, ಕಣ್ಣು, ರತ್ನ ಯಾವುದೂ ಬೇಕಾಗಲಿಲ್ಲ. ಒಂದರಿಂದ ಶುರುವಾಗಿ ಆರರವರೆಗೆ ಹೋಗಿ, ಅಲ್ಲಿಂದ ಕ್ರಮವಾಗಿ ಕಡಿಮೆಯಾಗುವ ಅಂಕಿಗಳು ಎಂದಿಷ್ಟೇ ಹೇಳಿ ಮುಗಿಸಿದರು. ಸ್ಥಾನಬೆಲೆ ಕೇಳುಗರ ನಾಲಗೆಯ ಮೇಲಿದ್ದರೆ ಮಾತ್ರ ಇಷ್ಟು ಚಿಕ್ಕದಾಗಿ ಹೇಳಲು ಸಾಧ್ಯ. ಅದಕ್ಕೆ ತುಸು ಮುಂಚೆ ಬಾಗ್ದಾದಿನ ಅಲ್-ಖ್ವಾರಿಜ್ಮಿ ಭಾರತೀಯ ಅಂಕಿಗಳಲ್ಲಿ ಲೆಕ್ಕ ಮಾಡುವುದು ಹೇಗೆಂದು ತನ್ನವರಿಗೆ ಪುಸ್ತಕ ಬರೆದು ವಿವರಿಸಬೇಕಾಗಿತ್ತು. ಇಲ್ಲಿ ಅದೇ ಅಂಕಿಗಳು ಪದ್ಯದ ಆಟವಾಗಿದ್ದವು.

ಗ್ರಂಥದಲ್ಲಿ ಈ ಸಂಖ್ಯೆ ಬರುವುದು ಗುಣಾಕಾರದ ಉದಾಹರಣೆಯಾಗಿ. 27994681ನ್ನು 441ರಿಂದ ಗುಣಿಸಿದರೆ 12345654321. ಇದೊಂದೇ ಅಲ್ಲ. 12345679 × 9 = 111111111. 152207 × 73 = 11111111. 142857143 × 7 = 1000000001. 333333666667 × 33 = 11000011000011. ಗುಣಿಸುವ ಮುಂಚೆ ಅಡ್ಡಾದಿಡ್ಡಿ ಕಾಣುವ ಅಂಕಿಗಳು ಗುಣಿಸಿದ ಮೇಲೆ ಪೋಣಿಸಿದಂತೆ ಸಾಲಾಗುತ್ತವೆ. ಇವುಗಳಲ್ಲಿ ಕೆಲವನ್ನು ಮಹಾವೀರಾಚಾರ್ಯರು ರಾಜನ ಕೊರಳ ಕಂಠಾಭರಣವೆಂದು ಕರೆದಿದ್ದಾರೆ.

ಇಂಥವನ್ನು ಮಕ್ಕಳ ಮುಂದೆ ಮಾಡಿ ತೋರಿಸಿದರೆ ಚಪ್ಪಾಳೆ ಬೀಳುತ್ತದೆ. ಅಲ್ಲಿಗೇ ಬಿಟ್ಟರೆ ಅದು ಜಾದೂ ಆಗಿ ಉಳಿಯುತ್ತದೆ. ಗಣಿತ ಶುರುವಾಗುವುದು ‘ಯಾಕೆ’ ಎಂದು ಕೇಳಿದ ಮೇಲೆ.

ಮೊದಲು ಆಕಾರದ ಗುಟ್ಟು. ನಮ್ಮ ಸಂಖ್ಯೆ 111111ರ ವರ್ಗ, ಅಂದರೆ ಆರು ಒಂದುಗಳನ್ನು ಆರು ಒಂದುಗಳಿಂದಲೇ ಗುಣಿಸಿದ್ದು. ಪಾಟಿ ಮೇಲೆ ಬರೆದು ಗುಣಿಸಿ. 111111 ಎಂಬ ಸಾಲು ಆರು ಸಲ ಬರುತ್ತದೆ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿದು. ಆಮೇಲೆ ಕಂಬಸಾಲಾಗಿ ಕೂಡಬೇಕು. ಬಲತುದಿಯ ಕಂಬದಲ್ಲಿ ಒಂದೇ 1. ಅದರ ಪಕ್ಕ ಎರಡು, ಆಮೇಲೆ ಮೂರು. ನಟ್ಟನಡುವಿನ ಕಂಬದಲ್ಲಿ ಮಾತ್ರ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದ ಆಚೆಗೆ ಮತ್ತೆ ಐದು, ನಾಲ್ಕು ಎನ್ನುತ್ತ ಒಂದಕ್ಕೆ ಬರುತ್ತೇವೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಶಹಾಪುರದ ಹತ್ತಿರದ ವಿಭೂತಿಹಳ್ಳಿಗೆ ಹೋಗಬಹುದು. ಅಲ್ಲಿ ಬೃಹತ್ ಶಿಲಾಯುಗದ ಜನ ಬಂಡೆಗಳನ್ನು ಸಮ ಅಂತರದ ಸಾಲುಗಳಲ್ಲಿ ಇರಿಸಿದ್ದಾರೆ. ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಕಲ್ಲುಸಾಲುಗಳ ಬಗ್ಗೆ ಬರೆದಿದ್ದ. ಅವನ್ನು ಯಾಕೆ ಹಾಗಿಟ್ಟರು ಎಂಬುದು ಪುರಾತತ್ವದವರ ಪ್ರಶ್ನೆ, ನನಗೆ ಬೇಕಾದದ್ದು ಅವುಗಳ ಜೋಡಣೆ. ಅಂಥ ಸಾಲುಗಳಲ್ಲಿ ಆರಕ್ಕೆ ಆರರ ಒಂದು ಚೌಕವನ್ನು ಮನಸ್ಸಿನಲ್ಲೇ ಗುರುತಿಸಿಕೊಳ್ಳಿ: ಒಟ್ಟು 36 ಕಲ್ಲು. ಅಡ್ಡವಾಗಿ ಎಣಿಸದೆ ಒಂದು ಮೂಲೆಯಿಂದ ಓರೆಯಾಗಿ ಎಣಿಸುತ್ತ ಹೋಗಿ. ಮೂಲೆಯಲ್ಲಿ ಒಂದು ಕಲ್ಲು, ಮುಂದಿನ ಓರೆಸಾಲಿನಲ್ಲಿ ಎರಡು, ಅದರ ಮುಂದೆ ಮೂರು, ಹೀಗೆ ಚೌಕದ ಕರ್ಣದ ಮೇಲೆ ಆರು, ಆಮೇಲೆ ಇಳಿಮುಖ. ಪಾಟಿಯ ಕಂಬಸಾಲುಗಳೂ ಈ ಓರೆಸಾಲುಗಳೂ ಒಂದೇ. 12345654321ರ ಅಂಕಿಗಳನ್ನೆಲ್ಲ ಕೂಡಿದರೆ 36 ಬರುವುದೂ, ಅದು ಆರರ ವರ್ಗವಾಗಿರುವುದೂ ಇದೇ ಕಾರಣಕ್ಕೆ.

ಆರಕ್ಕೇ ನಿಲ್ಲಬೇಕಾಗಿಯೂ ಇಲ್ಲ. ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಿಗೆ ಹೋದರೆ ನಡುವಿನ ಕಂಬದಲ್ಲಿ ಹತ್ತು ಸೇರಿ, ದಶಕ ಪಕ್ಕದ ಮನೆಗೆ ಹೋಗಿ, ಹಾರ ಹರಿಯುತ್ತದೆ. ಉತ್ತರ 1234567900987654321 ಆಗುತ್ತದೆ. ಇದರ ಎಡಭಾಗದಲ್ಲಿ 8 ಕಾಣೆಯಾಗಿರುವುದನ್ನು ನೋಡಿ. ಮಹಾವೀರಾಚಾರ್ಯರ 12345679ರಲ್ಲೂ ಅದೇ 8 ಇಲ್ಲ. ಅದರ ಕಾರಣವನ್ನು ಐದನೇ ಕ್ಲಾಸಿನ ಭಾಗಾಕಾರದಲ್ಲೇ ಕಾಣಬಹುದು. 111111111ನ್ನು 9ರಿಂದ ಭಾಗಿಸುತ್ತ ಹೋಗಿ. 11ರಲ್ಲಿ ಒಂದು ಸಲ, ಶೇಷ 2. ಮುಂದಿನ 1 ಇಳಿಸಿದರೆ 21, ಎರಡು ಸಲ, ಶೇಷ 3. 31ರಲ್ಲಿ ಮೂರು ಸಲ, ಶೇಷ 4. ಹೀಗೆ ಶೇಷ ಒಂದೊಂದೇ ಹೆಚ್ಚುತ್ತ 71ಕ್ಕೆ ಬಂದಾಗ ಏಳು ಸಲ, ಶೇಷ 8. ಮುಂದಿನದು 81. ಅದರಲ್ಲಿ ಒಂಬತ್ತು ಸರಿಯಾಗಿ ಒಂಬತ್ತು ಸಲ ಹೋಗಿ ಶೇಷ ಉಳಿಯುವುದಿಲ್ಲ. ಎಂಟಕ್ಕೆ ಅವಕಾಶವೇ ಸಿಗಲಿಲ್ಲ!

ಒಂದುಗಳ ವರ್ಗಗಳಾದ 121, 12321ರಂಥ ಈ ಕುಟುಂಬಕ್ಕೆ ಇಪ್ಪತ್ತನೇ ಶತಮಾನದಲ್ಲಿ ಒಂದು ಹೆಸರೂ ಸಿಕ್ಕಿತು. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ.ರಾ. ಕಾಪ್ರೇಕರ್ ಇವನ್ನು ‘ಡೆಮ್ಲೊ ಸಂಖ್ಯೆ’ಗಳಲ್ಲಿ ಸೇರಿಸಿದರು. ಡೆಮ್ಲೊ ಎಂಬುದು ಮುಂಬೈ ಕಡೆಯ ಒಂದು ರೈಲು ನಿಲ್ದಾಣದ ಹೆಸರು. ಆ ಯೋಚನೆ ಅವರಿಗೆ ಹೊಳೆದದ್ದು ಅಲ್ಲಂತೆ. ಕಾಪ್ರೇಕರರ ಮೇಲೆ ನನಗೆ ಅಪಾರ ಗೌರವ. ಅಂಕಿಗಳನ್ನು ಅವರಷ್ಟು ಪ್ರೀತಿಸಿದವರು ಕಡಿಮೆ. ಆದರೂ ಈ ಕುಟುಂಬದ ಒಂದು ಸದಸ್ಯ ಸಾವಿರ ವರ್ಷ ಮುಂಚೆಯೇ ರಾಷ್ಟ್ರಕೂಟರ ನಾಡಿನಲ್ಲಿ ಪದ್ಯವಾಗಿತ್ತು ಎಂಬುದನ್ನು ಆ ಹೆಸರಿನ ಜೊತೆಗೇ ಹೇಳುವುದು ನ್ಯಾಯ.

ಇಲ್ಲಿಯವರೆಗೆ ನೋಡಿದ್ದು ಬರಹದ ಚೆಲುವು. ಹತ್ತರ ಬದಲು ಎಂಟರ ಲೆಕ್ಕದಲ್ಲಿ ಎಣಿಸುವ ಜನರಿದ್ದಿದ್ದರೆ ಅವರ ಪಾಟಿಯ ಮೇಲೂ 111111ರ ವರ್ಗ 12345654321 ಎಂದೇ ಬರುತ್ತಿತ್ತು, ಆದರೆ ಅದು ಬೇರೆಯೇ ಸಂಖ್ಯೆ. ಒಂದು ಸಂಖ್ಯೆಯ ನಿಜವಾದ ಗುಣ ತಿಳಿಯಬೇಕಾದರೆ ಅದನ್ನು ಯಾವ ಯಾವ ಸಂಖ್ಯೆಗಳು ನಿಶ್ಶೇಷವಾಗಿ ಭಾಗಿಸುತ್ತವೆ ಎಂದು ಕೇಳಬೇಕು. ಯಾವ ಲಿಪಿಯಲ್ಲಿ ಬರೆದರೂ, ಯಾವ ಆಧಾರದಲ್ಲಿ ಎಣಿಸಿದರೂ ಆ ಉತ್ತರ ಬದಲಾಗದು. ಮಹಾವೀರಾಚಾರ್ಯರು ಕೊಟ್ಟ 441 ಎಂಬ ಗುಣಕ ನಮ್ಮನ್ನು ಆ ಬಾಗಿಲಿಗೇ ತಂದು ನಿಲ್ಲಿಸುತ್ತದೆ.

441 ಎಂದರೆ 21ರ ವರ್ಗ. ಹಾಗಾದರೆ 27994681? ಅದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಅವರು ಒಂದು ದೊಡ್ಡ ವರ್ಗವನ್ನು ಎರಡು ಸಣ್ಣ ವರ್ಗಗಳಾಗಿ ಬಿಡಿಸಿ ಕೈಗಿತ್ತಿದ್ದಾರೆ. ಇದು ಕತ್ತಲಲ್ಲಿ ಎಸೆದ ಕಲ್ಲಲ್ಲ. 111111ರ ಒಳಗೇನಿದೆ ಎಂದು ಬಲ್ಲವರ ಕೆಲಸ.

ಒಳಗೇನಿದೆ? ಆರು ಒಂದುಗಳನ್ನು ಮೂರು ಮೂರಾಗಿ ಒಡೆದರೆ 111 ಮತ್ತು 111, ಅಂದರೆ 111 × 1001. ಈ 1001 ಬಹಳ ಉಪಕಾರಿ ಸಂಖ್ಯೆ, 7 × 11 × 13. ಯಾವುದೇ ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಪಕ್ಕಪಕ್ಕ ಬರೆಯಿರಿ. ಸುರಪುರದ ಪಿನ್‌ಕೋಡಿನ ಮೊದಲ ಮೂರಂಕಿ 585. ಅದರಿಂದ 585585 ಆಯಿತು. ಅದು 7ರಿಂದಲೂ 11ರಿಂದಲೂ 13ರಿಂದಲೂ ಭಾಗವಾಗಲೇಬೇಕು, ಏಕೆಂದರೆ ಅದು 585 × 1001. ಇನ್ನು 111 ಎಂದರೆ 3 × 37. ಎಲ್ಲ ಸೇರಿ 111111 = 3 × 7 × 11 × 13 × 37. ಐದೂ ಅವಿಭಾಜ್ಯ ಸಂಖ್ಯೆಗಳು. ನಮ್ಮ ದೊಡ್ಡ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಇವೆ. 441ರಲ್ಲಿ 3 ಮತ್ತು 7 ಅಡಗಿವೆ, ಉಳಿದ 11, 13, 37 ಅದರ ಜೊತೆಗಾರನಲ್ಲಿವೆ.

ಅಕ್ಕಪಕ್ಕದವರ ಜೊತೆ ಹೋಲಿಸಿ ನೋಡಿದರೆ ಈ ಸಂಪತ್ತು ಎಷ್ಟೆಂದು ತಿಳಿಯುತ್ತದೆ. ಐದು ಒಂದುಗಳ ಸಂಖ್ಯೆ 11111 = 41 × 271, ಎರಡೇ ತುಂಡು. ಏಳು ಒಂದುಗಳು 239 × 4649, ಅಲ್ಲೂ ಎರಡೇ. ಅವುಗಳ ವರ್ಗಗಳಿಗೆ ತಲಾ ಒಂಬತ್ತೇ ಭಾಜಕ. 12345654321ಕ್ಕೆ? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ. ತಲಾ ಮೂರು ದಾರಿ. 3 × 3 × 3 × 3 × 3, ಒಟ್ಟು 243 ಭಾಜಕಗಳು. ಒಂದರಿಂದ ಒಂಬತ್ತರವರೆಗೆ ಒಂದುಗಳನ್ನಿಟ್ಟು ಮಾಡುವ ಒಂಬತ್ತು ಹಾರಗಳಲ್ಲಿ ಇಷ್ಟು ಭಾಜಕಗಳು ಇನ್ನೊಂದಕ್ಕಿಲ್ಲ. ಎಂಟು ಒಂದುಗಳ ವರ್ಗ ಎರಡನೆಯ ಸ್ಥಾನಕ್ಕೆ ಬರುತ್ತದೆ, ಅದಕ್ಕೆ 81.

ಈ 243 ಭಾಜಕಗಳನ್ನೆಲ್ಲ ಕೂಡಿದರೆ ಎಷ್ಟಾಗುತ್ತದೆ ಎಂಬ ಪ್ರಶ್ನೆ ಹಿಡಿದು ಕೂತಾಗಲೇ ನನಗೆ ಈ ಸಂಖ್ಯೆಯ ಆಳ ಕಂಡದ್ದು. ಪಟ್ಟಿ ಮಾಡಿ ಕೂಡಬೇಕಿಲ್ಲ. 1 + 3 + 9 = 13. 1 + 7 + 49 = 57. 1 + 11 + 121 = 133. 1 + 13 + 169 = 183. 1 + 37 + 1369 = 1407. ಈ ಐದನ್ನು ಗುಣಿಸಿದರೆ ಮೊತ್ತ ಬರುತ್ತದೆ: 25,37,55,24,993. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ, ಅದರ ಉಳಿದ ಭಾಜಕಗಳ ಮೊತ್ತ 13,02,98,70,672. ಮೂಲ ಸಂಖ್ಯೆಗಿಂತ ಇದು 68 ಕೋಟಿ ಹೆಚ್ಚು.

ಇದರಲ್ಲೇನು ವಿಶೇಷ? ಗ್ರೀಕರ ಕಾಲದಿಂದಲೂ ‘ಪರಿಪೂರ್ಣ ಸಂಖ್ಯೆ’ ಎಂಬ ಕಲ್ಪನೆಯಿದೆ. 6ನ್ನೇ ಬಿಟ್ಟರೆ ಅದರ ಭಾಜಕಗಳು 1, 2, 3, ಕೂಡಿದರೆ 6. 28ಕ್ಕೂ ಹಾಗೆಯೇ, 1 + 2 + 4 + 7 + 14. ಗೊತ್ತಿರುವ ಪರಿಪೂರ್ಣ ಸಂಖ್ಯೆಗಳೆಲ್ಲ ಸಮ ಸಂಖ್ಯೆಗಳೇ. ಬೆಸ ಸಂಖ್ಯೆಗಳ ಭಾಜಕಗಳ ಮೊತ್ತ ಸಾಮಾನ್ಯವಾಗಿ ಸಂಖ್ಯೆಯನ್ನು ಮುಟ್ಟುವುದೇ ಇಲ್ಲ. ಮೀರಿ ಹೋಗುವ ಬೆಸ ಸಂಖ್ಯೆಗಳು ಅಪರೂಪ, ಮೊದಲನೆಯದೇ 945. ನಮ್ಮ ಸಂಖ್ಯೆ ಆ ಅಪರೂಪದ ಗುಂಪಿಗೆ ಸೇರಿದ್ದು. ಸರಿಯಾಗಿ ಸಮನಾಗುವುದು ಮಾತ್ರ ಅದಕ್ಕೆ ಸಾಧ್ಯವಿಲ್ಲ. ಬೆಸ ವರ್ಗದ ಭಾಜಕಗಳ ಸಂಖ್ಯೆ ಯಾವಾಗಲೂ ಬೆಸ, ಪ್ರತಿ ಭಾಜಕವೂ ಬೆಸ, ಆದ್ದರಿಂದ ಅವುಗಳ ಒಟ್ಟು ಮೊತ್ತವೂ ಬೆಸ. ಪರಿಪೂರ್ಣವಾಗಬೇಕಾದರೆ ಆ ಮೊತ್ತ ಸಂಖ್ಯೆಯ ಎರಡರಷ್ಟು, ಅಂದರೆ ಸಮ, ಆಗಿರಬೇಕಿತ್ತು.

ಈಗ ಹಾರದಿಂದ 37 ಎಂಬ ಮಣಿಯನ್ನು ತೆಗೆಯಿರಿ. ಉಳಿಯುವುದು 3, 7, 11, 13, ಎರಡೆರಡು ಸಲ. ಅಂದರೆ 3003ರ ವರ್ಗ, 90,18,009. ಇದರ ಭಾಜಕಗಳ ಮೊತ್ತ, ಸಂಖ್ಯೆಯನ್ನು ಬಿಟ್ಟು, 90,17,190. ತೊಂಬತ್ತು ಲಕ್ಷದಲ್ಲಿ ಬರೀ 819 ಕಡಿಮೆ! ಮೊದಲ ಸಲ ಈ ಕಳೆಯುವ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿರಬೇಕೆಂದು ಮತ್ತೆ ಮಾಡಿ ನೋಡುವಷ್ಟು ಹತ್ತಿರ ಅದು.

ಕೊರತೆ ತುಂಬಲು ಇನ್ನೊಂದು ಅವಿಭಾಜ್ಯವನ್ನು ಸೇರಿಸಬೇಕು. ಯಾವುದನ್ನು? 37ರಂಥ ಸಣ್ಣದನ್ನು ಸೇರಿಸಿದರೆ ಮೊತ್ತ ಬಹಳ ಉಬ್ಬುತ್ತದೆ. ಮಹಾವೀರಾಚಾರ್ಯರ ಸಂಖ್ಯೆಯಲ್ಲಿ ಆದದ್ದೇ ಅದು. ದೊಡ್ಡದಾದಷ್ಟೂ ಉಬ್ಬು ಕಡಿಮೆ. 90,18,009ರ ಎಲ್ಲ ಭಾಜಕಗಳ ಮೊತ್ತ 1,80,35,199, ಅಂದರೆ 819 × 22021. ನಮಗೆ ಬೇಕಾಗಿದ್ದ ಮೊತ್ತ, ಸಂಖ್ಯೆಯ ಎರಡರಷ್ಟು, 1,80,36,018. ಅದು 819 × 22022. ಹಾಗಾದರೆ ಬೇಕಾದ ಮಣಿ ಯಾವುದೆಂದು ಲೆಕ್ಕವೇ ಹೇಳುತ್ತದೆ: 22021. ಅದು ಅವಿಭಾಜ್ಯವಾಗಿದ್ದರೆ ಅದರ ಭಾಜಕಗಳು 1 ಮತ್ತು 22021, ಮೊತ್ತ 22022, ತಕ್ಕಡಿ ಕೂದಲೆಳೆಯಷ್ಟೂ ವಾಲದೆ ನಿಲ್ಲುತ್ತಿತ್ತು. ಜಗತ್ತಿನ ಮೊದಲ ಬೆಸ ಪರಿಪೂರ್ಣ ಸಂಖ್ಯೆ ಸಿಗುತ್ತಿತ್ತು.

ಫ್ರಾನ್ಸಿನ ದಾರ್ಶನಿಕ, ಗಣಿತಜ್ಞ ರೆನೆ ದೆಕಾರ್ತ್ 1638ರ ಪತ್ರವೊಂದರಲ್ಲಿ ಚರ್ಚಿಸಿದ್ದು ಇದೇ ಸಂಖ್ಯೆಯನ್ನು. 90,18,009 × 22021 = 1,98,58,55,76,189. ಇದನ್ನು ಈಗ ‘ದೆಕಾರ್ತ್ ಸಂಖ್ಯೆ’ ಎನ್ನುತ್ತಾರೆ. 22021 ಅವಿಭಾಜ್ಯವೆಂದು ಬಗೆದರೆ ಮಾತ್ರ ಅದು ಪರಿಪೂರ್ಣ. ವಾಸ್ತವದಲ್ಲಿ 22021 = 19 × 19 × 61. ಆ 19 ಮತ್ತು 61 ಎಲ್ಲಿಂದ ಬಂದವೆಂದು ಮೇಲಿನ ಮೊತ್ತಗಳಲ್ಲೇ ನೋಡಬಹುದು. 57 ಎಂದರೆ 3 × 19. 133 ಎಂದರೆ 7 × 19. 183 ಎಂದರೆ 3 × 61. ಹಾರದ ಮಣಿಗಳ ಭಾಜಕಗಳನ್ನು ಕೂಡುವಾಗಲೇ ಈ ಮೂವರು ಹುಟ್ಟಿಕೊಂಡು 22021ರೊಳಗೆ ಹೋಗಿ ಕೂತಿದ್ದರು. ಅದು ಒಡೆಯದೆ ಉಳಿಯುವಂತಿರಲಿಲ್ಲ.

ಮಹಾವೀರಾಚಾರ್ಯರಿಗೆ ಪರಿಪೂರ್ಣ ಸಂಖ್ಯೆಗಳ ಯೋಚನೆಯಿತ್ತು ಎಂದು ನಾನು ವಾದಿಸುತ್ತಿಲ್ಲ, ದೆಕಾರ್ತ್ ಅವರ ಗ್ರಂಥ ನೋಡಿದ್ದನೆಂದಂತೂ ಅಲ್ಲವೇ ಅಲ್ಲ. ನಮ್ಮವರು ಎಲ್ಲವನ್ನೂ ಮುಂಚೆಯೇ ಕಂಡಿದ್ದರು ಎಂಬ ಮಾತು ಆ ಪಂಡಿತರಿಗೆ ಮಾಡುವ ಅವಮಾನ. ಅವರು ನಿಜವಾಗಿ ಮಾಡಿದ್ದೇ ಸಾಕಷ್ಟಿದೆ. ಒಂದು ಗುಂಪಿನಿಂದ ಇಷ್ಟು ವಸ್ತುಗಳನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಅವರು ಸಾಮಾನ್ಯ ಸೂತ್ರ ಕೊಟ್ಟರು. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದದ್ದು ಮಾತ್ರ ತಪ್ಪು. 3, 7, 11, 13 ಎಂಬ ನಾಲ್ಕು ಬೆಸ ಅವಿಭಾಜ್ಯಗಳು ಸೇರಿದಾಗ ಅಸಾಧಾರಣವಾದದ್ದು ಘಟಿಸುತ್ತದೆ. ಅದರ ಒಂದು ಮುಖ ಮಳಖೇಡದ ಅರಸನನ್ನು ಸ್ತುತಿಸಿದ ಗ್ರಂಥದಲ್ಲಿ ಚೆಲುವಾಗಿ ಕಂಡಿತು. ಏಳುನೂರ ಎಂಬತ್ತು ಚಿಲ್ಲರೆ ವರ್ಷಗಳ ನಂತರ ಇನ್ನೊಂದು ಮುಖ ಯುರೋಪಿನಲ್ಲಿ ಸಮಸ್ಯೆಯಾಗಿ ಕಂಡಿತು. ಒಂದೇ ಸಂಖ್ಯೆಯ ಅಂಗಳದಲ್ಲಿ ಎರಡೂ ಸಿಗುತ್ತವೆಂಬುದೇ ನನಗೆ ದೊಡ್ಡ ಸಂಗತಿ.

ಗ್ರಂಥ ನಮ್ಮ ಕೈಗೆ ಬಂದ ದಾರಿಯೂ ಕನ್ನಡದ್ದೇ. ಮದ್ರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಅವರ ಮುಂದಿದ್ದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು, ಅವುಗಳಲ್ಲೊಂದರ ಮೂಲ ಮೂಡುಬಿದಿರೆಯ ಜೈನ ಮಠದ ತಾಳೆಗರಿ. ಸಂಸ್ಕೃತ ಗಣಿತವನ್ನು ಕನ್ನಡದ ಪಂಡಿತರು ಕನ್ನಡ ಅಕ್ಷರದಲ್ಲಿ ನಕಲು ಮಾಡುತ್ತ ಕಾಪಾಡಿದ್ದರು. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ‘ಗಣಿತಸಾರಸಂಗ್ರಹ’ 2000ರಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಅದರ ಒಂದೊಂದು ಪ್ರತಿ ಯಾದಗಿರಿ ಜಿಲ್ಲೆಯ ಪ್ರತಿ ಪ್ರೌಢಶಾಲೆಯ ಕಪಾಟಿನಲ್ಲಿರಬೇಕು. ಎಂಟನೇ ಕ್ಲಾಸಿನ ಮಗುವಿಗೆ 243 ಭಾಜಕಗಳನ್ನು ಎಣಿಸಲು ಬೇಕಾದ ಗಣಿತವೆಲ್ಲ ಗೊತ್ತಿರುತ್ತದೆ. ಒಂದು ಹಾಳೆ, ಒಂದು ಪೆನ್ನು, ಒಂದು ಪೀರಿಯಡ್ ಸಾಕು.

ದೆಕಾರ್ತ್ ಬಿಟ್ಟುಹೋದ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಬೆಸ ಪರಿಪೂರ್ಣ ಸಂಖ್ಯೆ ಇದೆ ಎಂದು ತೋರಿಸಿದವರಿಲ್ಲ, ಇಲ್ಲವೆಂದು ಸಾಧಿಸಿದವರೂ ಇಲ್ಲ. ಇದ್ದರೆ ಅದು 1,500 ಅಂಕಿಗಳಿಗಿಂತ ದೊಡ್ಡದಾಗಿರಲೇಬೇಕೆಂದು ಪಾಸ್ಕಲ್ ಓಶೆಮ್ ಮತ್ತು ಮೈಕಲ್ ರಾವ್ 2012ರಲ್ಲಿ ಸಾಧಿಸಿದ್ದಾರೆ.